ಸಮಾಜಕಾರ್ಯ ಪದವಿ ಓದುವವರಿಗೆ: ಅರ್ಜಿ ಹಾಕುವ ಮೊದಲಿನಿಂದ ಫೀಲ್ಡ್ ವರ್ಕ್ ಮುಗಿಯುವವರೆಗೆ

ಡಿಗ್ರಿ ರಿಸಲ್ಟ್ ಬರುವ ಹೊತ್ತಿಗೆ ಪ್ರತಿ ವರ್ಷ ಅದೇ ಪ್ರಶ್ನೆಗಳು ಬರುತ್ತವೆ. ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮಾಡಲಾ? ಧಾರವಾಡ ಒಳ್ಳೆಯದಾ, ಗದಗ ಒಳ್ಳೆಯದಾ? ಫೀಲ್ಡ್ ವರ್ಕ್ ಅಂದ್ರೆ ಏನು ಮಾಡಿಸ್ತಾರೆ? ಕೆಲಸ ಸಿಗುತ್ತಾ? ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಸಾಲಾಗಿ ಬರೆದಿದ್ದೇನೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಶುರುವಿಗೇ ಒಂದು ಮಾತು. ಈ ಪದವಿಯಲ್ಲಿ ನೀವು ಏನು ಕಲಿತಿರಿ ಅನ್ನೋದು ಗೊತ್ತಾಗುವುದು ಪರೀಕ್ಷೆಯಲ್ಲಿ ಅಲ್ಲ, ಫೀಲ್ಡ್ ವರ್ಕ್‌ನಲ್ಲಿ, ಅಂದರೆ ಆಸ್ಪತ್ರೆ, ಬಾಲಮಂದಿರ, ಓಣಿಗಳಿಗೆ ಹೋಗಿ ಜನರ ಜೊತೆ ಮಾಡುವ ಕೆಲಸದಲ್ಲಿ. ಕಾಲೇಜು ಆರಿಸುವಾಗ, ರೂಮು ಹುಡುಕುವಾಗ, ದಿನದ ವೇಳೆ ಹಾಕಿಕೊಳ್ಳುವಾಗ ಅದನ್ನೇ ಮುಂದಿಟ್ಟುಕೊಂಡು ಯೋಚಿಸಿ.

ಹಂತ 1: ಯಾವುದಕ್ಕೆ ಸೇರುತ್ತಿದ್ದೀರಿ ಅಂತ ಸರಿಯಾಗಿ ತಿಳಿದುಕೊಳ್ಳಿ

ಸಮಾಜಶಾಸ್ತ್ರ ಬೇರೆ, ಸಮಾಜಕಾರ್ಯ ಬೇರೆ, ಸಮಾಜಸೇವೆ ಬೇರೆ. ಸಮಾಜಶಾಸ್ತ್ರ ಸಮಾಜ ಹೇಗಿದೆ, ಯಾಕೆ ಹಾಗಿದೆ ಅಂತ ಓದಿಸುತ್ತದೆ. ಸಮಾಜಸೇವೆಯನ್ನು ಮನಸ್ಸಿದ್ದವರು ಯಾರು ಬೇಕಾದರೂ ಮಾಡಬಹುದು. ಸಮಾಜಕಾರ್ಯ ಒಂದು ವೃತ್ತಿ. ಅದಕ್ಕೆ ವಿಧಾನಗಳಿವೆ, ನೀತಿ-ನಿಯಮಗಳಿವೆ, ತರಬೇತಿ ಬೇಕು. ನಮ್ಮ ದೇಶದಲ್ಲಿ ಈ ತರಬೇತಿ ಶುರುವಾದದ್ದು 1936ರಲ್ಲಿ, ಮುಂಬೈಯಲ್ಲಿ. ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಬೆಳೆದದ್ದು ಆ ಶಾಲೆಯಿಂದಲೇ.

ಪಿಯುಸಿ ಆದವರಿಗೆ ಬಿ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಡಿಗ್ರಿ ಇದೆ. ಯಾವುದೇ ಡಿಗ್ರಿ ಮುಗಿಸಿದವರಿಗೆ ಎಂ.ಎಸ್.ಡಬ್ಲ್ಯೂ. ಇದೆ, ಎರಡು ವರ್ಷ, ನಾಲ್ಕು ಸೆಮಿಸ್ಟರ್. 2024-25ರಿಂದ ರಾಜ್ಯದಲ್ಲಿ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ನಾಲ್ಕು ವರ್ಷ ಓದಬೇಕಾಗುತ್ತೇನೋ ಅಂತ ಹೆದರುವುದು ಬೇಡ.

"ಬಿ.ಎಸ್.ಡಬ್ಲ್ಯೂ. ಮಾಡಿಲ್ಲ, ಬಿ.ಎ. ಮಾಡಿದೀನಿ, ನಡೆಯುತ್ತಾ?" ಅಂತ ಬಹಳ ಜನ ಕೇಳುತ್ತಾರೆ. ನಡೆಯುತ್ತೆ. ಬಿ.ಕಾಂ. ಆದವರೂ ಬರುತ್ತಾರೆ, ಬಿ.ಎಸ್ಸಿ. ಆದವರೂ ಬರುತ್ತಾರೆ. ಮೊದಲ ಸೆಮಿಸ್ಟರ್‌ನಲ್ಲಿ ಬಿ.ಎಸ್.ಡಬ್ಲ್ಯೂ. ಆದವರು ಸ್ವಲ್ಪ ಮುಂದಿರುತ್ತಾರೆ. ಎರಡನೆಯದರ ಹೊತ್ತಿಗೆ ಆ ವ್ಯತ್ಯಾಸ ಕಾಣುವುದಿಲ್ಲ.

ಹಂತ 2: ಎಲ್ಲಿ ಓದುವುದು

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗ ಇದೆ. ಇಲ್ಲಿನ ದೊಡ್ಡ ಅನುಕೂಲ ಅಂದ್ರೆ ಸುತ್ತಲಿರುವ ಸಂಸ್ಥೆಗಳು. ಊರಲ್ಲೇ ಡಿಮ್ಹಾನ್ಸ್ ಇದೆ, ಅಂದರೆ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಇಪ್ಪತ್ತು ಕಿಲೋಮೀಟರಿನಲ್ಲಿ ಹುಬ್ಬಳ್ಳಿ, ಅಲ್ಲಿ ಮೊದಲು ಕಿಮ್ಸ್ ಅನ್ನುತ್ತಿದ್ದ, ಈಗ ಕೆಎಂಸಿಆರ್‌ಐ ಆಗಿರುವ ಸರ್ಕಾರಿ ಆಸ್ಪತ್ರೆ, ಕೈಗಾರಿಕೆಗಳು, ಕೊಳೆಗೇರಿಗಳು. ಚಿಗರಿ ಬಸ್ಸಿನಲ್ಲಿ ದಿನಾ ಹೋಗಿ ಬರಬಹುದು.

ಗದಗ ಹತ್ತಿರದ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ. 2016ರಲ್ಲಿ ಶುರುವಾದದ್ದು. ಹಳ್ಳಿ, ಪಂಚಾಯಿತಿ, ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುವ ಆಸೆ ಇದ್ದರೆ ಮೊದಲು ಇದನ್ನು ನೋಡಿ ಅನ್ನುತ್ತೇನೆ. ಹಾವೇರಿ, ಬ್ಯಾಡಗಿ, ಹಾನಗಲ್ ಕಡೆಯವರು ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕ್ಯಾಂಪಸ್ಸಿನಲ್ಲೂ ವಿಚಾರಿಸಿ. ಇವಲ್ಲದೆ ಕೆಲವು ಖಾಸಗಿ ಮತ್ತು ಸರ್ಕಾರಿ ಕಾಲೇಜುಗಳಲ್ಲೂ ಈ ಕೋರ್ಸು ನಡೆಯುತ್ತದೆ.

ಎಲ್ಲೇ ಸೇರಿ, ಫೀಸು ಕಟ್ಟುವ ಮೊದಲು ಅಲ್ಲಿನ ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಹುಡುಕಿ ಮೂರು ಮಾತು ಕೇಳಿ. ವಾರಕ್ಕೆ ಎಷ್ಟು ದಿನ ಫೀಲ್ಡ್‌ಗೆ ಕಳಿಸ್ತಾರೆ? ಮೇಷ್ಟ್ರು ಫೀಲ್ಡ್‌ಗೆ ಬಂದು ನೋಡ್ತಾರಾ? ರಿಪೋರ್ಟ್ ಓದಿ ತಿದ್ದಿ ಕೊಡ್ತಾರಾ, ಸುಮ್ನೆ ಸಹಿ ಹಾಕ್ತಾರಾ? ಈ ಮೂರಕ್ಕೆ ಸಿಗುವ ಉತ್ತರ ಕಟ್ಟಡ ನೋಡಿದರೆ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರ ಬರೆಯಬಹುದಾ ಅನ್ನೋದನ್ನೂ ಆಗಲೇ ಕೇಳಿಬಿಡಿ.

ದೂರಶಿಕ್ಷಣದ ಬಗ್ಗೆ: ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂ.ಎಸ್.ಡಬ್ಲ್ಯೂ. ಇದೆ. ಕೆಲಸದಲ್ಲಿದ್ದವರಿಗೆ ಅದು ಒಳ್ಳೆಯ ದಾರಿ. ಆದರೆ "ಫೀಲ್ಡ್ ವರ್ಕ್ ಇಲ್ಲ, ಬರೀ ಪರೀಕ್ಷೆ, ಸರ್ಟಿಫಿಕೇಟ್ ಗ್ಯಾರಂಟಿ" ಅನ್ನುವ ಜಾಹೀರಾತು ಕಂಡರೆ ದೂರ ಇರಿ. ಯುಜಿಸಿ ಮಾನ್ಯತೆ ಇಲ್ಲದ ಪದವಿ ಇಟ್ಟುಕೊಂಡು ಅರ್ಜಿ ಹಾಕಿದರೆ ದಾಖಲೆ ಪರಿಶೀಲನೆಯಲ್ಲೇ ಹೊರಬೀಳುತ್ತೀರಿ.

ಹಂತ 3: ದಾಖಲೆಗಳು

ಪಟ್ಟಿ ದೊಡ್ಡದೇನಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿಯ ಎಲ್ಲ ಸೆಮಿಸ್ಟರ್ ಅಂಕಪಟ್ಟಿ, ಟಿ.ಸಿ., ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋ. ಹಳ್ಳಿಯಲ್ಲಿ ಓದಿದವರು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮದವರು ಅದರ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಮುಂದೆ ಸರ್ಕಾರಿ ಕೆಲಸಕ್ಕೂ ಬೇಕು. ಬೇರೆ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮಾಡಿದ್ದರೆ ಮೈಗ್ರೇಷನ್, ಅಂದರೆ ವಲಸೆ ಪ್ರಮಾಣಪತ್ರ ಬೇಕು.

ಜನ ಎಡವುವುದು ಮೂರು ಕಡೆ.

ಒಂದು, ಆದಾಯ ಪ್ರಮಾಣಪತ್ರ. ಅದರ ಅವಧಿ ಐದು ವರ್ಷ. ಪಿಯುಸಿಗೆ ಸೇರುವಾಗ ಮಾಡಿಸಿದ್ದು ಎಂ.ಎಸ್.ಡಬ್ಲ್ಯೂ. ಹೊತ್ತಿಗೆ ಮುಗಿದಿರುತ್ತದೆ. ಕೊನೆ ದಿನ ನಾಡಕಚೇರಿಗೆ ಓಡಿದರೆ ಸಿಗುವುದಿಲ್ಲ.

ಎರಡು, ಹೆಸರು. ಆಧಾರ್‌ನಲ್ಲಿ ಒಂದು ಥರ, ಅಂಕಪಟ್ಟಿಯಲ್ಲಿ ಇನ್ನೊಂದು ಥರ ಇರುತ್ತದೆ. ಇನಿಷಿಯಲ್ ಮುಂದೆ ಇರುವುದು, ಅಡ್ಡಹೆಸರು ಬಿಟ್ಟುಹೋಗಿರುವುದು ನಮ್ಮ ಕಡೆ ಬಹಳ. ಮೊದಲೇ ಸರಿ ಮಾಡಿಸಿ.

ಮೂರು, ಬ್ಯಾಂಕ್ ಖಾತೆ. ಸ್ಕಾಲರ್‌ಶಿಪ್ ಅರ್ಜಿಯನ್ನು ಎಸ್.ಎಸ್.ಪಿ., ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹಾಕುತ್ತೀರಿ. ಹಣ ಮಾತ್ರ ಆಧಾರ್ ಜೋಡಣೆಯಾದ ಖಾತೆಗೇ ಬರುತ್ತದೆ. ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೇನೆ ಅಂದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ ಅಂತ ಕೇಳಿ. ಅಂದರೆ ನಿಮ್ಮ ಆಧಾರ್ ಸಂಖ್ಯೆಗೆ ಬರುವ ಸರ್ಕಾರಿ ಹಣ ಯಾವ ಖಾತೆಗೆ ಹೋಗಬೇಕು ಅನ್ನುವ ನೋಂದಣಿ. ನನ್ನ ಜೊತೆ ಓದಿದ ಗೆಳತಿಯೊಬ್ಬಳ ಒಂದು ವರ್ಷದ ಹಣ ಇದೊಂದೇ ಕಾರಣಕ್ಕೆ ಬರಲಿಲ್ಲ. ಅವಳಿಗೆ ಅದು ಬಸ್ ಪಾಸಿನ, ಊಟದ ದುಡ್ಡಾಗಿತ್ತು.

ಹಾಸ್ಟೆಲ್ ಸಿಗದವರು ಊಟ-ವಸತಿಗೆ ಹಣ ಕೊಡುವ ವಿದ್ಯಾಸಿರಿ ಯೋಜನೆಗೆ ಅರ್ಜಿ ಹಾಕಿ. ರೈತರ ಮಕ್ಕಳು ರೈತ ವಿದ್ಯಾನಿಧಿ ಬಗ್ಗೆಯೂ ವಿಚಾರಿಸಿ.

ಹಂತ 4: ಮೊದಲ ಸೆಮಿಸ್ಟರ್‌ನ ಪದಗಳನ್ನು ನಮ್ಮ ನೆಲದಲ್ಲಿ ಹುಡುಕಿ

ಪಠ್ಯದಲ್ಲಿ ಆರು ವಿಧಾನ ಬರುತ್ತವೆ. ಕೇಸ್ ವರ್ಕ್ ಅಂದರೆ ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬದ ಜೊತೆ ಮಾಡುವ ಕೆಲಸ. ಗ್ರೂಪ್ ವರ್ಕ್ ಗುಂಪಿನ ಜೊತೆ. ಸಮುದಾಯ ಸಂಘಟನೆ ಓಣಿ ಅಥವಾ ಊರಿನ ಜೊತೆ. ಆಮೇಲೆ ಸಮಾಜಕಲ್ಯಾಣ ಆಡಳಿತ, ಸಂಶೋಧನೆ, ಸಾಮಾಜಿಕ ಕ್ರಿಯೆ.

ನೋಟ್ಸಿನ ವ್ಯಾಖ್ಯಾನ ಬಾಯಿಪಾಠ ಮಾಡಿದರೆ ಎರಡು ತಿಂಗಳಲ್ಲಿ ಮರೆತುಹೋಗುತ್ತದೆ. ಊರ ಉದಾಹರಣೆ ಜೋಡಿಸಿಕೊಳ್ಳಿ. ಸಮುದಾಯ ಸಂಘಟನೆಗೆ ಗದಗ ತಾಲ್ಲೂಕಿನ ಕಣಗಿನಹಾಳ ಸಾಕು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಅದನ್ನು ಗುರುತಿಸುತ್ತಾರೆ. ಸಾಲಕ್ಕೆ ಸಾಹುಕಾರರ ಬಾಗಿಲಿಗೆ ಹೋಗುತ್ತಿದ್ದ ರೈತರು ಒಟ್ಟಿಗೆ ಕೂತು ತಮ್ಮದೇ ದುಡ್ಡಿನ ವ್ಯವಸ್ಥೆ ಮಾಡಿಕೊಂಡರು. ಪರೀಕ್ಷೆಯಲ್ಲಿ ಬರೆಯುವ "ಅಗತ್ಯ ಗುರುತಿಸುವುದು, ಮುಂದಾಳು, ಸ್ಥಳೀಯ ಸಂಪನ್ಮೂಲ" ಎಲ್ಲವೂ ಅದರೊಳಗಿದೆ.

ಸಾಮಾಜಿಕ ಕ್ರಿಯೆ ಅಂದರೆ ಅನ್ಯಾಯದ ನೀತಿಯನ್ನೇ ಬದಲಿಸಲು ಜನ ಒಟ್ಟಾಗಿ ಮಾಡುವ ಹೋರಾಟ. ಅದಕ್ಕೆ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನ "ಕಿತ್ತಿಕೋ-ಹಚ್ಚಿಕೋ" ಸತ್ಯಾಗ್ರಹ ಇದೆ. 1987ರ ನವೆಂಬರ್‌ನಲ್ಲಿ ಜನ ಹಳ್ಳಿಯ ಸಾಮೂಹಿಕ ಭೂಮಿಯಲ್ಲಿ ಕಂಪನಿಗಾಗಿ ನೆಟ್ಟಿದ್ದ ನೀಲಗಿರಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಆ ಹೋರಾಟದಲ್ಲಿತ್ತು. ಇಷ್ಟು ಹತ್ತಿರದಲ್ಲಿ ಇಂಥ ಉದಾಹರಣೆ ಇರುವಾಗ ಎಲ್ಲಿಯದೋ ಉದಾಹರಣೆ ಬರೆಯುವುದು ನನಗೆ ಸರಿ ಅನಿಸುವುದಿಲ್ಲ.

ಹಂತ 5: ಫೀಲ್ಡ್ ವರ್ಕ್

ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಇರುತ್ತದೆ. ಮೊದಲು ಹಲವು ಸಂಸ್ಥೆಗಳನ್ನು ತೋರಿಸಲು ಕರೆದುಕೊಂಡು ಹೋಗುತ್ತಾರೆ, ಅದು ಓರಿಯಂಟೇಷನ್ ವಿಸಿಟ್. ಆಮೇಲೆ ಒಂದು ಕಡೆ ಹಾಕುತ್ತಾರೆ. ಆ ಜಾಗಕ್ಕೆ "ಏಜೆನ್ಸಿ" ಅನ್ನುತ್ತಾರೆ. ಆಸ್ಪತ್ರೆ ಇರಬಹುದು, ಬಾಲಮಂದಿರ, ವೃದ್ಧಾಶ್ರಮ, ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ನೆರವು ಕೊಡುವ ಸಖಿ ಕೇಂದ್ರ, ಸ್ವಯಂಸೇವಾ ಸಂಸ್ಥೆ ಅಥವಾ ಒಂದು ಓಣಿಯೇ ಇರಬಹುದು. ಅಲ್ಲಿ ನಿಮ್ಮನ್ನು ನೋಡಿಕೊಳ್ಳುವವರು ಏಜೆನ್ಸಿ ಸೂಪರ್‌ವೈಸರ್. ಕಾಲೇಜಿನಲ್ಲಿ ವಾರಕ್ಕೊಮ್ಮೆ ಮೇಷ್ಟ್ರ ಎದುರು ಒಬ್ಬರೇ ಕೂತು ಮಾತಾಡುವುದು ಐ.ಸಿ., ಎಲ್ಲರೂ ಸೇರಿ ಮಾತಾಡುವುದು ಜಿ.ಸಿ. ಕೋರ್ಸಿನ ಕೊನೆಗೆ ಒಂದೇ ಕಡೆ ಕೆಲವು ವಾರ ಪೂರ್ತಿ ಕೆಲಸ ಮಾಡುವುದು ಬ್ಲಾಕ್ ಪ್ಲೇಸ್‌ಮೆಂಟ್.

ಮೊದಲ ತಿಂಗಳು ಬಹಳ ಕಷ್ಟ. ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಆಫೀಸಿನಲ್ಲಿ ಕೂರಿಸಿ ರಿಜಿಸ್ಟರ್ ಬರೆಸುತ್ತಾರೆ. ಬರೆಯಿರಿ, ತಪ್ಪಿಲ್ಲ, ರಿಜಿಸ್ಟರಿನಿಂದಲೂ ಸಂಸ್ಥೆ ಅರ್ಥವಾಗುತ್ತದೆ. ಆದರೆ ಮೂರನೇ ವಾರವೂ ಅದೇ ಆದರೆ ಐ.ಸಿ.ಯಲ್ಲಿ ಬಾಯಿಬಿಟ್ಟು ಹೇಳಿ. ಸುಮ್ಮನಿದ್ದರೆ ಸೆಮಿಸ್ಟರ್ ಪೂರ್ತಿ ಅಲ್ಲೇ ಕಳೆದುಹೋಗುತ್ತದೆ.

ಜನರ ವೇಳೆ ನೋಡಿ ಹೋಗಿ. ನವಲಗುಂದ ಕಡೆಯ ಎರೆಹೊಲದ ಹಳ್ಳಿಗೆ ಸುಗ್ಗಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಮನೆಯಲ್ಲಿ ಮುದುಕರು ಮತ್ತು ಸಣ್ಣ ಮಕ್ಕಳು ಮಾತ್ರ ಸಿಗುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು ಕೆಲಸದ ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿದರೆ ಅವರ ಕೂಲಿ ಕಡಿಮೆಯಾಗುತ್ತದೆ. ಪಕ್ಕದಲ್ಲಿ ಕೂತು, ಕೈ ನಿಲ್ಲಿಸದೆ ಮಾತಾಡಲು ಬಿಡಿ. ಬೆಟಗೇರಿಯಲ್ಲಿ ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಮಗ್ಗ ನಿಲ್ಲುವ ಹೊತ್ತು ಯಾವುದು ಅಂತ ಮೊದಲು ತಿಳಿದುಕೊಳ್ಳಿ.

ಹೋಗುವ ಜಾಗದ ಇತಿಹಾಸ ಓದಿಕೊಂಡು ಹೋಗಿ. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ "ಸೆಟ್ಲ್‌ಮೆಂಟ್" ಅಂತ ಕರೆಯುವ ಬಡಾವಣೆಗಳಿವೆ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳು ಅಂದಿತು. ಅಂಥ ಕುಟುಂಬಗಳನ್ನು ತಂದು ಕಾವಲಿನಲ್ಲಿ ಇರಿಸಿದ ಜಾಗಗಳಿವು. ಕಾಯ್ದೆ 1952ರಲ್ಲಿ ರದ್ದಾಯಿತು, ಹಣೆಪಟ್ಟಿ ಮಾತ್ರ ಪೂರ್ತಿ ಹೋಗಲಿಲ್ಲ. ಇದು ಗೊತ್ತಿಲ್ಲದ ವಿದ್ಯಾರ್ಥಿ ರಿಪೋರ್ಟಿನಲ್ಲಿ "ಇಲ್ಲಿನ ಜನ ಹೊರಗಿನವರನ್ನು ನಂಬುವುದಿಲ್ಲ" ಅಂತ ಬರೆದುಬಿಡುತ್ತಾನೆ. ಯಾಕೆ ನಂಬಬೇಕು? ಪೆನ್ನು, ಪುಸ್ತಕ ಹಿಡಿದು ಹೆಸರು ಬರೆದುಕೊಳ್ಳಲು ಬಂದವರಿಂದ ಅವರ ಅಜ್ಜ-ಮುತ್ತಜ್ಜಂದಿರು ಏನು ಅನುಭವಿಸಿದರು ಅಂತ ನೆನೆಸಿಕೊಳ್ಳಿ. ಅಂಥ ಕಡೆ ಮೊದಲ ಮೂರು ಭೇಟಿಯಲ್ಲಿ ಪುಸ್ತಕ ತೆಗೆಯಬೇಡಿ.

ಇನ್ನೊಂದು ದೊಡ್ಡ ತಪ್ಪು, ಮಾತು ಕೊಡುವುದು. "ಪಿಂಚಣಿ ಮಾಡಿಸಿಕೊಡ್ತೀನಿ ಅಜ್ಜಿ" ಅಂತ ಹೇಳಬೇಡಿ. "ಅರ್ಜಿ ಹೇಗೆ ಹಾಕೋದು ಅಂತ ತಿಳ್ಕೊಂಡು ಮುಂದಿನ ವಾರ ಬಂದು ಹೇಳ್ತೀನಿ" ಅನ್ನಿ. ಹೇಳಿದ ವಾರ ಖಂಡಿತ ಹೋಗಿ. ಜೇಬಿನಿಂದ ದುಡ್ಡು ಕೊಡುವುದೂ ಬೇಡ. ಕರುಳು ಚುರ್ ಅನ್ನುತ್ತೆ, ಗೊತ್ತು. ಆದರೆ ದುಡ್ಡು ಕೊಟ್ಟ ಮೇಲೆ ಅವರ ಜೊತೆಗಿನ ಸಂಬಂಧವೇ ಬೇರೆಯಾಗಿಬಿಡುತ್ತದೆ.

ಹಂತ 6: ರಿಪೋರ್ಟ್ ಬರೆಯುವುದು

ಅಂಕ ಹೋಗುವುದು ಇಲ್ಲಿ. ಕಲಿಕೆ ಆಗುವುದೂ ಇಲ್ಲೇ.

ಹೆಚ್ಚಿನವರ ರಿಪೋರ್ಟ್ ಹೀಗಿರುತ್ತದೆ: "ಇಂದು ಬೆಳಿಗ್ಗೆ 10ಕ್ಕೆ ಏಜೆನ್ಸಿಗೆ ಭೇಟಿ ನೀಡಲಾಯಿತು. ರೋಗಿಯ ತಾಯಿಯ ಸಮಸ್ಯೆಗಳನ್ನು ಆಲಿಸಿ ಸೂಕ್ತ ಸಲಹೆ ನೀಡಲಾಯಿತು. ಉತ್ತಮ ಅನುಭವವಾಯಿತು."

ಇದರಲ್ಲಿ ಏನೂ ಇಲ್ಲ. ಯಾವ ಸಮಸ್ಯೆ? ಏನು ಸಲಹೆ? ಅದೇ ಭೇಟಿಯನ್ನು ಹೀಗೆ ಬರೆಯಬಹುದು:

"ತಾಯಿ ಮಂಚದ ಪಕ್ಕ ನೆಲದ ಮೇಲೆ ಕೂತು ಬುತ್ತಿ ಗಂಟು ಬಿಚ್ಚುತ್ತಿದ್ದರು. ನನ್ನ ಮುಖ ನೋಡಲಿಲ್ಲ. ನಾನೂ ನೆಲದ ಮೇಲೆ ಕೂತೆ. 'ಅಕ್ಕಾರ, ಡಾಕ್ಟ್ರು ಏನ್ ಹೇಳ್ಯಾರ್ರೀ?' ಅಂದೆ. 'ಸ್ಕ್ಯಾನ್ ಮಾಡಸ್ರಿ ಅಂದಾರ್ರೀ. ರೊಕ್ಕ ತರಾಕ ನಮ್ಮನಿಯವ್ರು ಊರಿಗೆ ಹೋಗ್ಯಾರ. ಮೂರ್ ದಿನ ಆತ್ರೀ, ಇನ್ನಾ ಬಂದಿಲ್ಲ' ಅಂದರು. ಬುತ್ತಿ ಬಿಚ್ಚಿದರೂ ಉಣ್ಣಲಿಲ್ಲ. ನನಗೆ ಮುಂದೆ ಏನು ಕೇಳಬೇಕು ತೋಚಲಿಲ್ಲ. ಹೊರಗೆ ಬಂದ ಮೇಲೆ ರೇಷನ್ ಕಾರ್ಡ್ ಬಗ್ಗೆ ಕೇಳಬೇಕಿತ್ತು ಅಂತ ಹೊಳೆಯಿತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ನಾಳೆ ಮೊದಲು ಇದನ್ನೇ ಕೇಳುತ್ತೇನೆ. ಗಂಡನಿಗೆ ಫೋನ್ ಮಾಡಲು ಆಕೆಯ ಬಳಿ ಫೋನ್ ಇದೆಯಾ ಅನ್ನೋದನ್ನೂ ಕೇಳಬೇಕು."

ಹೀಗೆ ನಡೆದದ್ದನ್ನು ನಡೆದ ಹಾಗೇ ಬರೆಯುವುದಕ್ಕೆ ಪ್ರೋಸೆಸ್ ರೆಕಾರ್ಡಿಂಗ್ ಅನ್ನುತ್ತಾರೆ. ಅವರ ಮಾತು ಅವರ ಬಾಯಲ್ಲಿ ಬಂದ ಹಾಗೇ ಇರಲಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ನಿಮಗೆ ಏನನಿಸಿತು, ಎಲ್ಲಿ ತಪ್ಪಿದಿರಿ ಅದನ್ನೂ ಬರೆಯಿರಿ. ತಪ್ಪು ಬರೆದರೆ ಅಂಕ ಹೋಗುತ್ತೆ ಅಂತ ಹುಡುಗರು ಮುಚ್ಚಿಡುತ್ತಾರೆ. ಒಳ್ಳೆಯ ಸೂಪರ್‌ವೈಸರ್ ಹುಡುಕುವುದೇ ಅದನ್ನು. ರಿಪೋರ್ಟನ್ನು ಅವತ್ತೇ ರಾತ್ರಿ ಬರೆಯಿರಿ. ಸೆಮಿಸ್ಟರ್ ಕೊನೆಗೆ ಇಪ್ಪತ್ತು ರಿಪೋರ್ಟ್ ಒಟ್ಟಿಗೆ ಬರೆಯಲು ಕೂತರೆ ಕಲ್ಪಿಸಿ ಬರೆಯುವುದೇ ದಾರಿ, ಅದು ವೈವಾದಲ್ಲಿ ಎರಡೇ ಪ್ರಶ್ನೆಗೆ ಗೊತ್ತಾಗಿಬಿಡುತ್ತದೆ.

ಹಂತ 7: ಗುಟ್ಟು ಕಾಯುವುದು ಮತ್ತು ಕಾನೂನು

ಇದನ್ನು ದಯವಿಟ್ಟು ಎರಡು ಸಲ ಓದಿ. ರಿಪೋರ್ಟಿನಲ್ಲಿ ಯಾರ ನಿಜವಾದ ಹೆಸರನ್ನೂ ಬರೆಯಬೇಡಿ. ಬಾಲಮಂದಿರದ ಮಕ್ಕಳ ಜೊತೆ ಸೆಲ್ಫಿ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಂಥ ಮಕ್ಕಳ ಗುರುತು ಬಹಿರಂಗ ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಗುಟ್ಟು ಕಾಯುವುದಕ್ಕೂ ಮಿತಿ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ನಿಮಗೆ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ವಿದ್ಯಾರ್ಥಿ ಅಂತ ವಿನಾಯಿತಿ ಇಲ್ಲ. ಅವತ್ತೇ ಏಜೆನ್ಸಿ ಸೂಪರ್‌ವೈಸರ್‌ಗೂ ಕಾಲೇಜಿನ ಮೇಷ್ಟ್ರಿಗೂ ಹೇಳಿ. ಮಗುವಿಗೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಟ್ಟು ಕೂರಬೇಡಿ. ಈ ನಂಬರ್‌ಗಳು ಫೋನಿನಲ್ಲಿರಲಿ: ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416, ಹಿರಿಯರಿಗೆ 14567.

ಕೇಳಿದ ನೋವು ನಿಮ್ಮ ತಲೆಯಲ್ಲೂ ಉಳಿಯುತ್ತದೆ. ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ ಐ.ಸಿ.ಯಲ್ಲಿ ಹೇಳಿ. ಐ.ಸಿ. ಇರುವುದು ಇದಕ್ಕೂ ಹೌದು.

ಹಂತ 8: ಕ್ಯಾಂಪ್

ಹಳ್ಳಿಯಲ್ಲಿ ಒಂದು ವಾರ, ಹತ್ತು ದಿನದ ಶಿಬಿರ ಇರುತ್ತದೆ. ಚರಂಡಿ ಸ್ವಚ್ಛ ಮಾಡಿ ಬೀದಿ ನಾಟಕ ಆಡಿ ಬರುವುದಷ್ಟೇ ಅಂದುಕೊಳ್ಳಬೇಡಿ. ಒಂದು ದಿನ ಗುಡಿ ಕಟ್ಟೆಯ ಮುಂದೆ ನೆಲದ ಮೇಲೆ ರಂಗೋಲಿ ಪುಡಿಯಿಂದ ಊರ ನಕ್ಷೆಯನ್ನು ಊರವರ ಕೈಯಿಂದಲೇ ಬಿಡಿಸಿ. ಇದು ಪಿ.ಆರ್.ಎ., ಅಂದರೆ ಊರವರೇ ತಮ್ಮ ಊರನ್ನು ಅಳೆದು ನೋಡುವ ವಿಧಾನ. ಗಂಡಸರು ಗುಡಿ, ಪಂಚಾಯಿತಿ, ರಸ್ತೆ ಹಾಕುತ್ತಾರೆ. ಹೆಣ್ಣುಮಕ್ಕಳಿಗೆ ಬೇರೆಯಾಗಿ ಪುಡಿ ಕೊಟ್ಟು ನೋಡಿ. ನೀರಿನ ನಳ, ಕತ್ತಲಾದ ಮೇಲೆ ಹೋಗಲು ಹೆದರಿಕೆಯಾಗುವ ಜಾಗ, ಹಿಟ್ಟಿನ ಗಿರಣಿ ಆ ನಕ್ಷೆಗೆ ಬರುತ್ತವೆ.

ಹಂತ 9: ಸ್ಪೆಷಲೈಸೇಷನ್

ಎರಡನೇ ವರ್ಷ ಒಂದು ವಿಶೇಷ ವಿಷಯ ಆರಿಸಬೇಕಾಗುತ್ತದೆ. ಎಲ್ಲ ಕಡೆ ಎಲ್ಲವೂ ಇರುವುದಿಲ್ಲ.

ಮಾನವ ಸಂಪನ್ಮೂಲ ಮತ್ತು ಕಾರ್ಮಿಕ ಕಲ್ಯಾಣ ತೆಗೆದುಕೊಂಡವರು ಕಾರ್ಖಾನೆ, ಕಂಪನಿ ಕಡೆ ಹೋಗುತ್ತಾರೆ. ಕೆಲಸ ಬೇಗ ಸಿಗುವುದು ಇಲ್ಲೇ ಅಂತ ಎಲ್ಲರೂ ಅದಕ್ಕೇ ನುಗ್ಗುತ್ತಾರೆ. ನಿಮಗೆ ಕಾರ್ಮಿಕ ಕಾನೂನು ಓದುವ ಆಸಕ್ತಿ ಇದ್ದರೆ ಮಾತ್ರ ತೆಗೆದುಕೊಳ್ಳಿ. ವೈದ್ಯಕೀಯ ಮತ್ತು ಮನೋವೈದ್ಯಕೀಯ ತೆಗೆದುಕೊಂಡವರು ಒಂದು ವಿಷಯ ತಿಳಿದಿರಲಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಪ್ರಕಾರ "ಮನೋವೈದ್ಯಕೀಯ ಸಮಾಜಕಾರ್ಯಕರ್ತ" ಅನಿಸಿಕೊಳ್ಳಲು ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕು. ಬರೀ ಎಂ.ಎಸ್.ಡಬ್ಲ್ಯೂ. ಸಾಲುವುದಿಲ್ಲ. ಸಮುದಾಯ ಅಭಿವೃದ್ಧಿಯವರಿಗೆ ಸ್ವಯಂಸೇವಾ ಸಂಸ್ಥೆಗಳು, ಹಳ್ಳಿ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳ ಸಂಜೀವಿನಿಯಂಥ ಸರ್ಕಾರಿ ಯೋಜನೆಗಳು, ಕಂಪನಿಗಳ ಸಿ.ಎಸ್.ಆರ್., ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸ ಇವೆ. ಮಕ್ಕಳು ಮತ್ತು ಕುಟುಂಬ ವಿಷಯದವರಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಸಖಿ ಕೇಂದ್ರಗಳಲ್ಲಿ ಹುದ್ದೆಗಳಿರುತ್ತವೆ. ಇವುಗಳಲ್ಲಿ ಬಹಳಷ್ಟು ಗುತ್ತಿಗೆ ಕೆಲಸ, ಸಂಬಳ ಕಡಿಮೆ. ಮನೆಯವರಿಗೂ ಇದನ್ನು ಮೊದಲೇ ಹೇಳಿಡಿ.

ಪಾಠ ಮಾಡುವ ಆಸೆ ಇದ್ದವರಿಗೆ ಅಧ್ಯಾಪಕ ಅರ್ಹತಾ ಪರೀಕ್ಷೆಗಳಾದ ನೆಟ್ ಮತ್ತು ಕೆ-ಸೆಟ್ ಎರಡರಲ್ಲೂ ಸಮಾಜಕಾರ್ಯ ವಿಷಯ ಇದೆ. ನೆಟ್‌ನಲ್ಲಿ ಕಾರ್ಮಿಕ ಕಲ್ಯಾಣಕ್ಕೆ ಬೇರೆಯೇ ಪತ್ರಿಕೆ ಇದೆ, ಅರ್ಜಿಯಲ್ಲಿ ಕೋಡ್ ನೋಡಿ ಹಾಕಿ.

ಹಂತ 10: ಬಿಟ್ಟು ಬರುವುದು

ಕೊನೆಯ ಫೀಲ್ಡ್ ದಿನ ಹಠಾತ್ತನೆ ಮಾಯವಾಗಬೇಡಿ. ಒಂದು ತಿಂಗಳು ಮೊದಲೇ ಹೇಳಿ, "ಅಜ್ಜಿ, ನಂದು ಮಾರ್ಚ್‌ಗೆ ಮುಗೀತದ" ಅಂತ. ಇದಕ್ಕೆ ಟರ್ಮಿನೇಷನ್ ಅನ್ನುತ್ತಾರೆ, ಅದೂ ಕೆಲಸದ ಒಂದು ಭಾಗ. ಬಾಲಮಂದಿರದ ಮಕ್ಕಳನ್ನು ಈಗಾಗಲೇ ಬಹಳ ಜನ ಬಿಟ್ಟುಹೋಗಿರುತ್ತಾರೆ. ನೀವು ಹೇಳದೇ ಹೋದರೆ ಅದು ಇನ್ನೊಂದು ಸಲ ಆದ ಹಾಗೆ. ಅರ್ಧಕ್ಕೆ ನಿಂತ ಅರ್ಜಿ, ಬಾಕಿ ಉಳಿದ ಭೇಟಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಏಜೆನ್ಸಿಗೆ ಕೊಡಿ. ಮುಂದಿನ ವರ್ಷ ಬರುವ ವಿದ್ಯಾರ್ಥಿಗೆ ಅದು ಸಿಗಲಿ. ಅವತ್ತೇ ಏಜೆನ್ಸಿಯ ಹಾಜರಾತಿ ಪತ್ರಕ್ಕೆ ಸೀಲು, ಸಹಿ ಮಾಡಿಸಿಕೊಂಡು ಬನ್ನಿ.